ಬಾಚಿಯ ಗುರುತು, ಹೆಸರಿನ ಚುಕ್ಕಿ

ಹಳೆಯ ಪೆಟ್ಟಿಗೆಯೊಂದು ಎದುರಿಗೆ ಬಂದರೆ ಮೊದಲು ಅದನ್ನು ಬೋರಲು ಹಾಕಿ ನೋಡಬೇಕು. ಮುಂಬದಿಯ ಕೆತ್ತನೆ, ಹಿತ್ತಾಳೆಯ ಪಟ್ಟಿ, ಕೀಲಿಯ ತೂತಿನ ಸುತ್ತಲಿನ ಹೂವು, ಇವೆಲ್ಲ ನೋಡುವವರಿಗೆಂದು ಮಾಡಿದವು. ತಳವನ್ನೂ ಬೆನ್ನನ್ನೂ ಬಡಿಗೇರ ಇದ್ದ ಹಾಗೇ ಬಿಟ್ಟಿರುತ್ತಾನೆ. ಅಲ್ಲಿ ಬಾಚಿ ಬಿದ್ದ ಏಟುಗಳು ಒಂದರ ಪಕ್ಕ ಒಂದು ಸಣ್ಣ ತಗ್ಗುಗಳಾಗಿ ಉಳಿದಿರುತ್ತವೆ. ಅಂಗೈಯಿಂದ ಮೆಲ್ಲಗೆ ಸವರಿದರೆ ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತವೆ. ಅವನು ಯಾವ ಕಡೆಯಿಂದ ಹೊಡೆದ, ಎಲ್ಲಿ ಗಂಟು ಅಡ್ಡ ಬಂದು ಕೈ ತಿರುಗಿಸಿದ, ಎಲ್ಲಿ ಇನ್ನು ಸಾಕೆಂದು ನಿಲ್ಲಿಸಿದ ಎಂಬುದೆಲ್ಲ ಆ ತಳದಲ್ಲಿ ಬರೆದಿರುತ್ತದೆ. ಹಳೆಯ ಸಾಮಾನಿನ ಸವಿ ನನಗೆ ಶುರುವಾಗುವುದು ಇಲ್ಲಿಂದ.

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದೇ ರೈಲುದಾರಿಯ ಮೇಲೆ ಸಾಲಾಗಿ ಕೂತ ಊರುಗಳು. ಪಡುವಣಕ್ಕೆ ಹೋದರೆ ಹಾನಗಲ್ಲ, ಮುಂಡಗೋಡದ ಕಡೆಯ ಕಾಡು. ಮೂಡಣಕ್ಕೆ ತುಂಗಭದ್ರೆಯವರೆಗೆ ಬಯಲು ಹೊಲ. ಕಾಡಿನ ಕಡೆಯಿಂದ ಸಾಗವಾನಿ, ಬೀಟೆ, ಮತ್ತಿ, ಹೊನ್ನೆ ಬಂದವು. ಹೊಲದಿಂದ ಜೋಳ, ಹತ್ತಿ, ಮೆಣಸಿನಕಾಯಿ ಬಂದವು. ಮಲೆನಾಡಿನ ಏಲಕ್ಕಿ ಹಾವೇರಿಗೆ ಬಂದು, ತೊಳೆಸಿಕೊಂಡು ಬಿಳುಪಾಗಿ, ದೂರದ ಪೇಟೆಗಳಿಗೆ ಹೋಗುತ್ತಿತ್ತು. ಏಲಕ್ಕಿ ಹಾರ ಕಟ್ಟುವ ಪಟವೇಗಾರರ ಕಸುಬು ಇಂದಿಗೂ ಆ ಊರಿನ ಹೆಸರಿನ ಜೊತೆಗಿದೆ. ಮರವೂ ರೊಕ್ಕವೂ ಹೀಗೆ ಸೇರಿದ ನಾಡಿನಲ್ಲಿ ಒಳ್ಳೆಯ ಸಾಮಾನು ಹುಟ್ಟದೆ ಇರುವುದಿಲ್ಲ. ಇಲ್ಲಿ ಅರಮನೆಯ ವೈಭವ ಹುಡುಕಬಾರದು. ಒಕ್ಕಲುಮನೆಯ ಕಂಬ, ಬೋದಿಗೆ, ಬಾಗಿಲವಾಡ, ತೊಟ್ಟಿಲು. ಅಡತಿ ಅಂಗಡಿಯ ಗಲ್ಲೆಪೆಟ್ಟಿಗೆ, ತಕ್ಕಡಿ. ವಕೀಲರ ಮನೆಯ ಆರಾಮ ಕುರ್ಚಿ. ನೀರುಮನೆಯ ತಾಮ್ರದ ಹಂಡೆ. ದಿನಬಳಕೆಯಲ್ಲಿ ಸವೆದು ಚೆಲುವಾದ ವಸ್ತುಗಳು ಇವು.

ಮರದಿಂದ ಶುರು ಮಾಡೋಣ. ಹಳೆಯ ಬಾಗಿಲಿನ ಹಲಗೆಯನ್ನು ಅಡ್ಡಲಾಗಿ ಅಳೆದು ನೋಡಿ. ಎರಡು ಅಡಿ ಅಗಲದ ಒಂದೇ ಹಲಗೆ ಸಿಕ್ಕಿತೆಂದರೆ ಅಂಥ ಮರ ಕಾಡಿನಲ್ಲಿದ್ದ ಕಾಲದ್ದು ಅದು. ಈಗ ಅಷ್ಟು ಅಗಲಕ್ಕೆ ಮೂರು ನಾಲ್ಕು ಪಟ್ಟಿಗಳನ್ನು ಅಂಟಿಸುತ್ತಾರೆ. ಗರಗಸದ ಗೆರೆಗಳನ್ನು ಆಮೇಲೆ ನೋಡಿ. ಇಬ್ಬರು ಹಿಡಿದು ಎಳೆದ ಉದ್ದ ಗರಗಸ ನೇರ ಗೆರೆ ಬಿಡುತ್ತದೆ, ಅದೂ ಒಂದಕ್ಕೊಂದು ಸಮವಿಲ್ಲದ ಗೆರೆ. ಯಂತ್ರದ ಸುತ್ತುಗರಗಸ ಬಿಲ್ಲಿನಂತೆ ಬಾಗಿದ ಗೆರೆಗಳನ್ನು ಬಿಡುತ್ತದೆ. ಬಾಗಿದ ಗೆರೆ ಕಂಡ ಹಲಗೆಯನ್ನು ಇನ್ನೂರು ವರ್ಷದ್ದೆಂದು ಮಾರಲು ಬಂದವರಿಗೆ ಕೈಮುಗಿದು ಬರಬಹುದು.

ಕೂಡಿಕೆಗಳು ಇನ್ನೂ ಹೆಚ್ಚು ಮಾತಾಡುತ್ತವೆ. ಒಂದು ಮರದ ತುದಿಯನ್ನು ಕೆತ್ತಿ ಇನ್ನೊಂದರ ತೂತಿಗೆ ಇಳಿಸಿ, ಅಡ್ಡಲಾಗಿ ಮರದ ಬೆಣೆ ಬಡಿದು ನಿಲ್ಲಿಸುವುದು ಹಳೆಯ ಕ್ರಮ. ಮರ ಎಷ್ಟೇ ಹಳತಾದರೂ ಕುಗ್ಗುವುದನ್ನು ಬಿಡುವುದಿಲ್ಲ, ಅದೂ ಎಳೆಯ ಅಡ್ಡಕ್ಕೇ ಹೆಚ್ಚು ಕುಗ್ಗುತ್ತದೆ. ಅದಕ್ಕೇ ಹಳೆಯ ಬೆಣೆಯ ತಲೆ ಕಾಲ ಹೋದಂತೆ ಹೊರಗೆ ತುಸು ಉಬ್ಬಿ ಬರುತ್ತದೆ. ಕಡೆದು ದುಂಡಗೆ ಮಾಡಿದ ಮಂಚದ ಕಾಲನ್ನು ಎರಡು ದಿಕ್ಕಿನಿಂದ ಅಳೆದರೆ ಒಂದು ಅಳತೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಪೂರ್ತಿ ದುಂಡಗಿರುವ ಕಾಲು ಬಹುತೇಕ ಹೊಸದು. ಹಳೆಯ ಕೀಲು, ಪಟ್ಟಿಗಳಿಗೆ ಕಮ್ಮಾರ ಬಡಿದ ಚೌಕ ಮೈಯ ಮೊಳೆ ಇರುತ್ತದೆ, ತಲೆ ಒಂದೊಂದೂ ಒಂದೊಂದು ಆಕಾರ. ತಂತಿಯಿಂದ ತಯಾರಾದ ದುಂಡು ಮೊಳೆ ಕಂಡರೆ ಒಂದೋ ವಸ್ತು ಈಚಿನದು, ಇಲ್ಲವೇ ನಡುವೆ ಯಾರೋ ದುರಸ್ತಿ ಮಾಡಿದ್ದಾರೆ. ದುರಸ್ತಿ ತಪ್ಪಲ್ಲ. ಮುರಿದ ಕಾಲಿಗೆ ಅದೇ ಜಾತಿಯ ಮರ ಕೂಡಿಸಿ ಮತ್ತೆ ಐವತ್ತು ವರ್ಷ ಬಳಸಿದ ಮನೆಯ ಬಗ್ಗೆ ನನಗೆ ಗೌರವವಿದೆ. ದುರಸ್ತಿಯನ್ನು ಮುಚ್ಚಿಟ್ಟು ಮಾರುವುದು ತಪ್ಪು.

ಇನ್ನು ಸವೆತ. ಕೈ ಎಲ್ಲಿ ಬಿತ್ತೋ ಕಾಲು ಎಲ್ಲಿ ತಾಗಿತೋ ಅಲ್ಲಿ ಮರ ಸವೆಯುತ್ತದೆ, ಬೇರೆ ಕಡೆ ಇಲ್ಲ. ಬ್ಯಾಡಗಿಯಂಥ ಪೇಟೆಯ ಹಳೆಯ ದಲಾಲಿ ಅಂಗಡಿಗಳಲ್ಲಿ ಗಾದಿಯ ಮುಂದೆ ಇಡುತ್ತಿದ್ದ ತಗ್ಗು ಡೆಸ್ಕನ್ನು ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಗುಮಾಸ್ತರು ಚಕ್ಕಳಮಕ್ಕಳ ಹಾಕಿ ಕೂತು ಕಿರ್ದಿ ಖತಾವಣಿ ಬರೆಯುತ್ತಿದ್ದ ಪೆಟ್ಟಿಗೆ ಅದು. ಮುಚ್ಚಳ ಬರೆಯುವವನ ಕಡೆಗೆ ಇಳಿಜಾರು, ಒಳಗೆ ಕಾಗದ, ಚಿಲ್ಲರೆ, ಶಾಯಿ. ಅದರ ಬಲ ಅಂಚು ಮುಂಗೈ ಉಜ್ಜಿ ಉಜ್ಜಿ ನುಣುಪಾಗಿರುತ್ತದೆ, ಎಡ ಅಂಚು ಮೊನಚಾಗಿಯೇ ಇರುತ್ತದೆ. ದೌತಿ ಇಡುವ ತಗ್ಗಿನ ಸುತ್ತ ಶಾಯಿ ಮರದ ಒಳಕ್ಕೆ ಇಳಿದಿರುತ್ತದೆ. ಒಳಗಿನ ಖಾನೆಯ ಸಂದಿಯನ್ನು ಮೂಸಿದರೆ ಎಷ್ಟೋ ಸುಗ್ಗಿಯ ಮೆಣಸಿನಕಾಯಿಯ ಧೂಳು ಇನ್ನೂ ಮೂಗಿಗೆ ಹತ್ತುತ್ತದೆ. ನಾಲ್ಕೂ ಅಂಚು ಒಂದೇ ಸಮ ಸವೆದ ಡೆಸ್ಕು ಬಂದರೆ ಅದನ್ನು ಸವೆಸಿದ್ದು ಬಳಕೆಯಲ್ಲ, ಉಜ್ಜುಕಾಗದ. ಹಳತನ್ನು ಹುಟ್ಟಿಸುವವರು ಚಹಾದ ಡಿಕಾಕ್ಷನ್ ಬಳಿಯುತ್ತಾರೆ, ತಂತಿ ಬ್ರಶ್ಶಿನಿಂದ ಎಳೆ ಎಬ್ಬಿಸುತ್ತಾರೆ, ಹುಳ ಕೊರೆದ ತೂತನ್ನೂ ಡ್ರಿಲ್ಲಿನಿಂದ ಮಾಡುತ್ತಾರೆ. ಹುಳ ನೆಟ್ಟಗೆ ಕೊರೆಯುವುದಿಲ್ಲ. ಕಡ್ಡಿ ತೂರಿಸಿ ನೋಡಿದರೆ ಅದರ ದಾರಿ ಬೇಗನೆ ಬಾಗುತ್ತದೆ. ಸಾಗವಾನಿಯ ತಿರುಳಿಗಂತೂ ಹುಳ ಹತ್ತುವುದೇ ಅಪರೂಪ.

ಮರದಿಂದ ಲೋಹಕ್ಕೆ ಬಂದರೆ ಈ ಸೀಮೆಯ ನಿಜವಾದ ಸಿರಿ ಕಾಣುತ್ತದೆ. ತಾಮ್ರದ ಹಳೆಯ ಹಂಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ. ತಗಡನ್ನು ಬಡಿದು ಬಾಗಿಸಿ ಎರಡು ಅಂಚು ಕೂಡಿಸಿದ ಕಡೆ, ಗರಗಸದ ಹಲ್ಲಿನ ಹಾಗೆ ಒಂದರೊಳಗೊಂದು ಕಚ್ಚಿಕೊಂಡ ಹಳದಿ ಬೆಸುಗೆಯ ಗೆರೆ ಕಾಣುತ್ತದೆ. ಒಳಮೈಯಲ್ಲಿ ಸುತ್ತಿಗೆಯ ಏಟುಗಳು ಸುತ್ತು ಸುತ್ತಾಗಿ ಇಳಿದಿರುತ್ತವೆ. ಈ ಎರಡೂ ಇಲ್ಲದೆ ಮೈಯೆಲ್ಲ ಒಂದೇ ಸಮ ಇರುವ ಪಾತ್ರೆ ಯಂತ್ರದಲ್ಲಿ ಎಳೆದದ್ದು. ಎರಕದ ಹಿತ್ತಾಳೆಯ ಸಮೆ, ತಂಬಿಗೆಗಳಲ್ಲಿ ಗುರುತು ಬೇರೆ: ತಳದಲ್ಲಿ ಸಣ್ಣ ಗುಳ್ಳೆತೂತು, ಕೈಗೆ ಹೆಚ್ಚೆನಿಸುವ ತೂಕ, ಬೆರಳಿನಿಂದ ಹೊಡೆದರೆ ಬೇಗ ನಿಲ್ಲದ ನಾದ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಪಾತ್ರೆಗಳ ಮೇಲಿನ ಹೆಸರು. ಉಳಿಯ ಮೊನೆಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ. ಕೊಡದ ಕಂಠದಲ್ಲಿ ಒಂದು ಮನೆತನ, ಒಂದು ಊರು, ಮದುವೆಯ ಮುಯ್ಯಿಯೋ ಜಾತ್ರೆಯ ಹರಕೆಯೋ ಎಂಬ ಕಾರಣ, ಕೆಲವೊಮ್ಮೆ ವರ್ಷ. ಈ ಭಾಗ 1956ರ ನವೆಂಬರ್ 1ರವರೆಗೆ ಮುಂಬಯಿ ಸರಕಾರದ ಕೆಳಗಿದ್ದುದರಿಂದ ಕೆಲವು ಬರಹ ಮರಾಠಿ ಬರೆಯುವ ಬಾಳಬೋಧ ಲಿಪಿಯಲ್ಲೂ ಸಿಗುತ್ತದೆ. ವರ್ಷದ ಅಂಕಿ ಇಲ್ಲದೆ ಸಂವತ್ಸರದ ಹೆಸರಷ್ಟೇ ಇದ್ದರೆ ಓದುವ ಸುಖ ಹೆಚ್ಚಾಗುತ್ತದೆ. ಪ್ಲವ ಎಂದಿದೆ ಎನ್ನಿ. ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಅದು 1901-02 ಆಗಬಹುದು, 1961-62 ಆಗಬಹುದು. ಈಗ ಪಾತ್ರೆಯ ಮೈಯನ್ನು ಕೇಳಬೇಕು. ಕೈಯಿಂದ ಬಡಿದದ್ದೇ, ಬೆಸುಗೆ ಹಲ್ಲುಹಲ್ಲಾಗಿದೆಯೇ, ತಗಡು ದಪ್ಪವೇ, ಅಕ್ಷರದ ತಲೆಕಟ್ಟು ಹಳೆಯ ರೀತಿಯದೇ? ಎಲ್ಲ ಸಾಕ್ಷಿ ಒಂದೇ ಕಡೆ ವಾಲಿದಾಗ ಆ ಕೊಡಕ್ಕೆ ಒಂದು ಹುಟ್ಟಿದ ವರ್ಷ ಸಿಗುತ್ತದೆ. ಮೈಯನ್ನೂ ಹೆಸರನ್ನೂ ಕೂಡಿಸಿ ಓದುವ ಆ ಗಳಿಗೆಗೆ ಸಮನಾದ ಸಂತೋಷ ನನಗೆ ಹೆಚ್ಚು ಸಿಕ್ಕಿಲ್ಲ.

ಗುಜರಿ ಅಂಗಡಿಯವರು ಹೇಳುವುದುಂಟು: “ಇದು ಹಿತ್ತಾಳಿ ರೇಟಿಗೇ ಹೋಗೋದ್ರೀ, ಹೆಸರಿಗೆ ಯಾರು ರೊಕ್ಕ ಕೊಡ್ತಾರ?” ಅವರ ಲೆಕ್ಕ ತೂಕದ್ದು, ಅದರಲ್ಲಿ ಮೋಸವಿಲ್ಲ. ನಮ್ಮ ಮನೆಗಳು ಸ್ಟೀಲ್ ಪಾತ್ರೆಗೆ ಬದಲಾಗಿ ಹಳೆಯ ಹಿತ್ತಾಳೆಯನ್ನು ರಾಶಿ ಹಾಕಿ ಕೊಟ್ಟದ್ದೂ ಅದೇ ಲೆಕ್ಕದಲ್ಲಿ. ಕರಗಿದ ಮೇಲೆ ಲೋಹ ಉಳಿಯಿತು, ಮನೆತನಗಳ ಬರಹ ಉಳಿಯಲಿಲ್ಲ. ಉಳಿದವುಗಳ ಮೇಲೆ ಈಗ ಬೇರೊಂದು ಆಪತ್ತಿದೆ, ಅತಿಯಾದ ಹೊಳಪು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದು ಅಡಿಗೆಮನೆಗೆ ಸರಿ. ಹೆಸರಿರುವ ಹಳೆಯ ಪಾತ್ರೆಯನ್ನು ಯಂತ್ರದ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡಿಸಿದರೆ ಚುಕ್ಕಿಗಳು ಒಂದೇ ದಿನದಲ್ಲಿ ಮಾಸುತ್ತವೆ. ಅದರ ಜೊತೆಗೆ ಹತ್ತಾರು ವರ್ಷಗಳಲ್ಲಿ ಕೂತ ಕಂದುಬಣ್ಣವೂ ಹೋಗುತ್ತದೆ, ಆ ಬಣ್ಣವನ್ನು ಮತ್ತೆ ತರಲಾಗದು. ಮೆತ್ತನೆಯ ಬಟ್ಟೆ ಸಾಕು. ಒಳಗೆ ಅಡಿಗೆ ಮಾಡುವುದಿದ್ದರೆ ಕಲಾಯಿ ಹಾಕಿಸಿ, ಹೊರಮೈಯನ್ನು ಬಿಟ್ಟುಬಿಡಿ.

ಅಂಗಡಿಯ ಸಾಮಾನಿನಲ್ಲಿ ಕಾಲವನ್ನು ಇನ್ನೂ ನಿಖರವಾಗಿ ಹಿಡಿಯಬಹುದು. ಏಲಕ್ಕಿಯಂಥ ಬೆಲೆಬಾಳುವ ಸರಕಿಗೆ ಸಣ್ಣ ತಕ್ಕಡಿ, ಹಿತ್ತಾಳೆಯ ತೊಲದ ಬೊಟ್ಟುಗಳು. ಹತ್ತಿ ಮೆಣಸಿನಕಾಯಿಗೆ ಕಬ್ಬಿಣದ ಮಣದ ಕಲ್ಲುಗಳು. 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ ಎಂಬ ಲೆಕ್ಕವನ್ನು ಮುಂಬಯಿ ಪ್ರಾಂತದ 1932ರ ತೂಕ ಮತ್ತು ಅಳತೆ ಕಾಯ್ದೆ ಗಟ್ಟಿ ಮಾಡಿತು. ಬೊಟ್ಟನ್ನು ತಿರುವಿ ಹಾಕಿದರೆ ತಳದ ಕುಳಿಯಲ್ಲಿ ಸೀಸ ತುಂಬಿ, ಅದರ ಮೇಲೆ ತನಿಖೆಯವರು ಒತ್ತಿದ ಮುದ್ರೆ ಕಾಣುತ್ತದೆ. 1956ರ ಕೇಂದ್ರ ಕಾಯ್ದೆ ಬಂದು ಕೆಲವೇ ವರ್ಷಗಳಲ್ಲಿ ಪೇಟೆ ಕಿಲೋಗೆ ತಿರುಗಿತು. ಛಟಾಕು, ಪಾವಸೇರು, ಅಚ್ಚೇರುಗಳು ಅಟ್ಟ ಸೇರಿದವು. ಹೀಗೆ ಒಂದು ಬೊಟ್ಟು ತಾನು ದುಡಿದ ಕಾಲವನ್ನು ತನ್ನ ತಳದಲ್ಲೇ ಹೊತ್ತಿರುತ್ತದೆ. ರೈಲಿನ ಕಂದೀಲಿಗೂ ಇದೇ ಮಾತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಸೇರಿತು. 1951ರಲ್ಲಿ ಅದೆಲ್ಲ ದಕ್ಷಿಣ ರೈಲ್ವೆಯಾಯಿತು. ಕಂದೀಲಿನ ತಗಡಿನ ಮೇಲೆ ಎಸ್.ಎಂ.ಆರ್. ಎಂದಷ್ಟೇ ಇದ್ದರೆ ಅದು 1908ಕ್ಕಿಂತ ಮೊದಲಿನದು, ಎಂ. ಅಂಡ್ ಎಸ್.ಎಂ.ಆರ್. ಎಂದಿದ್ದರೆ ನಂತರದ ನಾಲ್ಕು ದಶಕಗಳದು. ಮೂರು ನಾಲ್ಕು ಅಕ್ಷರ ಓದಿದರೆ ಒಂದು ಚರಿತ್ರೆ ತೆರೆದುಕೊಳ್ಳುತ್ತದೆ.

ಈ ಊರುಗಳ ಮನೆಯಲ್ಲಿ ಚೆಲುವಿಗೆ ಚೆಲುವು ಎನ್ನಬಹುದಾದ ವಸ್ತು ಯಾವುದೆಂದು ಕೇಳಿದರೆ ನಾನು ಕಲಘಟಗಿಯ ತೊಟ್ಟಿಲನ್ನು ತೋರಿಸುತ್ತೇನೆ. ನೆರೆಯ ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಸಾಗವಾನಿಯಿಂದ ಮಾಡಿ, ಅರಗು ಕೂಡಿಸಿದ ಬಣ್ಣದಿಂದ ಚಿತ್ರ ಬರೆದ ತೊಟ್ಟಿಲು ಅದು. ಬಾಲಕೃಷ್ಣನ ಲೀಲೆ, ರಾಮಾಯಣದ ಸಾಲುಚಿತ್ರ, ಶರಣರ ಮನೆಗೆ ಬಸವಣ್ಣ, ಮುಸ್ಲಿಮರ ಮನೆಗೆ ಹೂಬಳ್ಳಿ, ಹೀಗೆ ಮನೆ ನೋಡಿ ಚಿತ್ರ. ಕೆಂಪು, ಹಳದಿ, ಹಸಿರುಗಳ ಮೇಲೆ ಅರಗಿನ ಹೊಳಪು ಒಳಗಿನಿಂದ ಬಂದ ಬೆಳಕಿನಂತೆ ಕೂತಿರುತ್ತದೆ. ತಲೆಮಾರು ದಾಟಿದ ತೊಟ್ಟಿಲಿನಲ್ಲಿ ಆ ಕೆಂಪು ತುಸು ಮಾಗಿ, ಅಂಚುಗಳಲ್ಲಿ ಮರದ ಬಣ್ಣ ಇಣುಕುತ್ತದೆ. ತಾಯಂದಿರು ಹಿಡಿದು ತೂಗಿದ ಜಾಗದಲ್ಲಿ ಚಿತ್ರ ಪೂರ್ತಿ ಅಳಿಸಿರುತ್ತದೆ. ಆ ಅಳಿಸಿದ ಜಾಗವನ್ನು ಹೊಸ ಬಣ್ಣದಿಂದ ತುಂಬಬೇಡಿ ಎಂದು ಬೇಡಿಕೊಳ್ಳುತ್ತೇನೆ. ಎನಾಮಲ್ ಬಣ್ಣ ಬಳಿದ ತೊಟ್ಟಿಲು ಮಗುವನ್ನು ತೂಗಬಲ್ಲದು, ಆದರೆ ಅದರಲ್ಲಿದ್ದ ಚಿತ್ರಗಾರನ ಗೆರೆ ಮತ್ತೆ ಕಾಣಿಸದು. ಒರೆಸುವಾಗ ಸ್ಪಿರಿಟ್ ತಾಗಿಸಲೇಬಾರದು, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ.

ಅರಗಿನಿಂದಲೇ ಆದ ಇನ್ನೊಂದು ವಸ್ತು ಹಳೆಯ ಮನೆಗಳ ಕಪಾಟಿನಲ್ಲಿ ಕೂತಿರುತ್ತದೆ: ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಾಫೋನ್ ತಟ್ಟೆ. ಭಾರ, ಬಿದ್ದರೆ ಒಡೆಯುವ ಗುಣ, ಉಗುರಿನಿಂದ ತಟ್ಟಿದರೆ ಗಡಸು ಸದ್ದು, ಇವು ಅದರ ಗುರುತು. 1930ರ ದಶಕದ ಎಚ್.ಎಂ.ವಿ. ತಟ್ಟೆಗಳ ಪೈಕಿ ‘ಗಾಂಧಾರಿ’ ಎಂಬ ಹೆಸರಿನವು ಸಿಕ್ಕರೆ ಅವು ಗಂಗೂಬಾಯಿ ಹಾನಗಲ್ ಅವರವು. ತಮ್ಮ ಹೆಸರಿನಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ಲನ್ನು ಜಗತ್ತಿನ ಸಭೆಗಳಿಗೆ ಒಯ್ದ ಆ ಗಾಯಕಿ ಮೊದಲ ದಿನಗಳಲ್ಲಿ ಈ ಹೆಸರಿನಲ್ಲಿ ಹಾಡಿದರು. ಆ ತಟ್ಟೆಗಳಲ್ಲಿರುವುದು ನಾವು ಬಲ್ಲ ಗಂಭೀರ, ಅಗಲ ಕಂಠವಲ್ಲ. ಗಂಟಲಿನ ತೊಂದರೆಯಿಂದ ದನಿ ಬದಲಾಗುವ ಮುಂಚಿನ ತೆಳುವಾದ, ಎತ್ತರದ ದನಿ. ಹೆಸರು ಗೊತ್ತಿಲ್ಲದವರು ಇದನ್ನು ಹಳೆಯ ಕ್ಯಾಲೆಂಡರಿನ ಜೊತೆ ರದ್ದಿಗೆ ಹಾಕುತ್ತಾರೆ. ಗೊತ್ತಿದ್ದವರು ಮೆತ್ತನೆ ಬಟ್ಟೆ ಸುತ್ತಿ, ನೆಟ್ಟಗೆ ನಿಲ್ಲಿಸಿ ಕಾಪಾಡುತ್ತಾರೆ. ವಸ್ತು ಒಂದೇ. ಅದರ ಬೆಲೆಯನ್ನು ಏರಿಸಿದ್ದು ನಮ್ಮ ತಿಳಿವು.

ಗೋಡೆಯ ಮೇಲಿನ ದೇವರ ಪಟಕ್ಕೂ ಅಷ್ಟೇ ತಿಳಿವು ಬೇಕು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮರ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರು ಈ ಕಡೆಯ ಪಡಸಾಲೆಗಳಿಗೂ ಬಂದರು. ಭೂತಗನ್ನಡಿ ಹಿಡಿದು ನೋಡಿದರೆ ಕಲ್ಲಚ್ಚಿನ ಬಣ್ಣ ಅಡ್ಡಾದಿಡ್ಡಿ ಚುಕ್ಕಿಗಳಲ್ಲಿ ಚೆಲ್ಲಿರುತ್ತದೆ. ಈಚಿನ ಆಫ್‌ಸೆಟ್ ನಕಲಿನಲ್ಲಿ ಚುಕ್ಕಿಗಳು ಸಾಲು ಹಿಡಿದು ನಿಂತಿರುತ್ತವೆ. ಮನೆಯ ಹೆಣ್ಣುಮಕ್ಕಳು ಲಕ್ಷ್ಮಿಯ ಸೀರೆಗೆ ಜರಿ, ಚಮಕಿ ಅಂಟಿಸಿದ್ದರೆ ಅದನ್ನು ಕೀಳಬಾರದು. ಅದು ಆ ಮನೆಯ ಕೈಗೆಲಸ, ಪಟಕ್ಕೆ ಅದರಿಂದ ಮೆರುಗು.

ಬೆಲೆ ಕಟ್ಟಬಾರದ ವಸ್ತುಗಳೂ ಇಲ್ಲಿವೆ. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶನ ಗೊರವಯ್ಯಗಳ ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಡಮರು, ಭಂಡಾರದ ಚೀಲ, ದೋಣಿ ಎಂಬ ಸೇವೆಯ ಪಾತ್ರೆ ಇರುತ್ತವೆ. ಅದೇ ತಾಲ್ಲೂಕಿನ ಮೇಡ್ಲೇರಿಯ ಕಡೆ ನೇಯುವ ಕಂಬಳಿಯನ್ನು ಮುಟ್ಟಿದರೆ ಕೈಯಲ್ಲಿ ನೂತ ನೂಲಿನ ಏರುಪೇರು ತಿಳಿಯುತ್ತದೆ. ಹುಣಸೆಬೀಜದ ಗಂಜಿ ಉಂಡ ಉಣ್ಣೆ ಮಳೆಯನ್ನು ತಡೆಯುವಷ್ಟು ಬಿಗಿ. ಕಂಬಳಿಯನ್ನು ಕೊಳ್ಳೋಣ, ಹೊದೆಯೋಣ, ನೇಯುವವರಿಗೆ ತಕ್ಕ ರೊಕ್ಕ ಕೊಡೋಣ. ಆದರೆ ತಲೆಮಾರುಗಳಿಂದ ಸೇವೆಯಲ್ಲಿರುವ ದೋಣಿಯನ್ನು ಬೈಠಕ್ ಖೋಲಿಯ ಅಂದಕ್ಕೆಂದು ಕೇಳಬಾರದು. ದೋಣಿಸೇವೆಯಿಂದ ಹೊರಗೆ ಬಂದ ಮೇಲೆ ಅದರ ಅರ್ಥವೇ ಅರ್ಧವಾಗುತ್ತದೆ. ಊರ ಮುಂದಿನ ವೀರಗಲ್ಲು, ಹೊಲದಲ್ಲಿ ಸಿಕ್ಕ ಶಿಲ್ಪ, ಗುಡಿಯ ಮೂರ್ತಿಗಳ ಮಾತಂತೂ ಬೇಡ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾಯ್ದೆ 1878ರಿಂದಲೇ ಇದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆಯ, ಕುಶಲಕೆಲಸದ ವಸ್ತುವೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಯೂ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಪರವಾನಿಗೆ ಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ.

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ವಯಸ್ಸೊಂದನ್ನೇ ನೋಡುವವರು ಮೋಸ ಹೋಗುತ್ತಾರೆ. ನೂರು ವರ್ಷದ ಒರಟು ಬೆಂಚಿಗಿಂತ ಅರವತ್ತು ವರ್ಷದ ಒಳ್ಳೆಯ ತೊಟ್ಟಿಲು ಹಿರಿದು. ನಾನು ನೋಡುವ ಕ್ರಮ ಇದು: ಮೊದಲು ಕೆಲಸದ ಹದ, ಆಮೇಲೆ ಎಷ್ಟು ಭಾಗ ಮೂಲದ್ದು ಎಂಬುದು, ಅಂದರೆ ಕಾಲು, ಕೀಲು, ಚಿಲಕ, ಬಣ್ಣ, ಆಮೇಲೆ ಅಂಥವು ಎಷ್ಟು ಉಳಿದಿವೆ, ಕೊನೆಗೆ ಎಲ್ಲಕ್ಕಿಂತ ಮುಖ್ಯವಾಗಿ ಯಾವ ಊರು, ಯಾವ ಮನೆ, ಯಾವ ಬಳಕೆ. ರಾಣೇಬೆನ್ನೂರಿನಲ್ಲಿ ಹಳೆಯ ಮನೆ ಕೆಡವಿದಾಗ ಕಂಬಗಳನ್ನು ಘನ ಅಡಿಯ ಲೆಕ್ಕದಲ್ಲಿ ಮಾರಿದರೆ ಅವು ಬರೀ ಸಾಗವಾನಿ. ಬೋದಿಗೆ, ತೊಲೆ, ಬಾಗಿಲವಾಡಗಳನ್ನು ಒಟ್ಟಿಗೆ, ಮನೆಯ ಫೋಟೊ ಮತ್ತು ಅಳತೆಯ ಜೊತೆ ಉಳಿಸಿದರೆ ಅವು ಒಂದು ಮನೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಬಿಚ್ಚಿ ತಂದ ಮನೆಗಳನ್ನು ಮತ್ತೆ ಇದ್ದ ಹಾಗೆ ನಿಲ್ಲಿಸಿರುವುದನ್ನು ನೋಡಿದವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿದಿದೆ. ಮುಧೋಳದ ಅರಮನೆಯ ದರ್ಬಾರು ಅಲ್ಲಿ ಬಿಡಿ ಕಂಬಗಳ ರಾಶಿಯಾಗಿಲ್ಲ, ದರ್ಬಾರಾಗಿಯೇ ನಿಂತಿದೆ.

ಎಲ್ಲರಿಗೂ ಅಷ್ಟು ದೊಡ್ಡ ಕೆಲಸ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯವಿದೆ. ಮನೆಯಲ್ಲಿ ಇಡಲಾಗದ ಅಪರೂಪದ ವಸ್ತುವಿನ ಬಗ್ಗೆ ಮೊದಲು ಅಲ್ಲಿ ಕೇಳಬಹುದು. ಮನೆಯಲ್ಲಿ ಇಡಬಹುದಾದದ್ದನ್ನು ಬಳಸುತ್ತ ಇಡುವುದೇ ಮೇಲು. ಹಂಡೆಯಲ್ಲಿ ನೀರು ಕಾಯಲಿ, ತೊಟ್ಟಿಲಿನಲ್ಲಿ ಕೂಸು ಮಲಗಲಿ, ಬೀಗರು ಕೇಳಿದರೆ ಅವರ ಮನೆಯ ನಾಮಕರಣಕ್ಕೂ ಹೋಗಿ ಬರಲಿ. ಅದರ ಜೊತೆ ಒಂದು ಕೆಲಸ ಮಾಡಿ. ಮನೆಯ ಹಿರಿಯರನ್ನು ಕೂಡಿಸಿಕೊಂಡು ಒಂದು ವಹಿಯಲ್ಲಿ ಬರೆದಿಡಿ: ಈ ಪೆಟ್ಟಿಗೆ ಯಾರ ತವರಿನಿಂದ ಬಂತು, ಯಾವ ಬಡಿಗೇರ ಮಾಡಿದ, ಈ ಕೊಡದ ಮೇಲಿನ ಹೆಸರು ಯಾರದು, ಯಾವಾಗ ದುರಸ್ತಿಯಾಯಿತು. ಪಾತ್ರೆಯ ಮೇಲಿನ ಚುಕ್ಕಿಗಳನ್ನು ಅಳಿಯುವ ಮೊದಲು ಹಾಗೇ ನಕಲು ಮಾಡಿಕೊಳ್ಳಿ. ಮುಂದೆ ಯಾರಾದರೂ ಮಾರಿದರೂ ಆ ಪುಟ ವಸ್ತುವಿನ ಜೊತೆ ಹೋಗಲಿ. ಪರಿಣತರು ದಿನಗಟ್ಟಲೆ ಹುಡುಕಿದರೂ ಸಿಗದ ಸಂಗತಿ ಈಗ ನಿಮ್ಮ ಅಜ್ಜಿಗೆ ಬಾಯಿಪಾಠ ಇದೆ. ಅದನ್ನು ಇದೇ ವಾರ ಕೇಳಿ ಬರೆದುಕೊಂಡರೆ ಆ ಕೊಡದ ಬೆಲೆಯನ್ನು ತಕ್ಕಡಿಯೊಂದೇ ಹೇಳುವ ಕಾಲ ನಿಮ್ಮ ಮನೆಯ ಮಟ್ಟಿಗಾದರೂ ಮುಗಿಯುತ್ತದೆ.